ಕೇಳಿ ಬರುವ ನೀರು

ಹೊಳೆತಡಿ ಕೇರಿ
9 ಮಾರ್ಚ್ 2025

ಅಣ್ಣಾ,

ನಾನು ಸರಸ. ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರಬಹುದು. ಫೋನ್ ಮಾಡುವ ಎಂದು ಎಷ್ಟೋ ಸಲ ನಿನ್ನ ನಂಬರು ತೆಗೆದೆ. ಒತ್ತಲು ಧೈರ್ಯ ಬರಲಿಲ್ಲ. ನೀನು ಎತ್ತಿ ಸುಮ್ಮನಿದ್ದರೆ ನಾನು ಏನು ಹೇಳುವುದು? ಅದಕ್ಕೇ ಬರೆಯುತ್ತಿದ್ದೇನೆ. ಲೀಲಾಧರ ಮೀನಿನ ಟೆಂಪೋ ತೆಗೆದುಕೊಂಡು ಬೈಂದೂರಿಗೆ ಹೋಗುವಾಗ ಕಿರಿಮಂಜೇಶ್ವರದಲ್ಲಿ ನಿಲ್ಲಿಸಿ ಕೊಡುತ್ತೇನೆ ಎಂದಿದ್ದಾನೆ. ಉತ್ತರ ಬರೆಯುವುದಿದ್ದರೆ ಅವನ ಕೈಯಲ್ಲೇ ಕೊಡು.

ಪುರಸಭೆಯಿಂದ ನಿನ್ನ ಹೆಸರಿಗೆ ನೋಟೀಸು ಬಂದಿದೆ. ಅಮ್ಮ ಹೋದ ಮೇಲೆ ಈ ಮನೆಯ ಖಾತೆ ನಿನ್ನ ಹೆಸರಿನಲ್ಲೇ ಇದೆಯಲ್ಲ. ಮಳೆನೀರು ಶುಲ್ಕವಂತೆ, ಈ ವರ್ಷದಿಂದ ಹೊಸತು. ಮಳೆನೀರು ಇಂಗದ ಜಾಗ ಯಾರಿಗೆ ಎಷ್ಟಿದೆಯೋ ಅವರು ಅಷ್ಟು ಕಟ್ಟಬೇಕು. ಮನೆಯ ಮೇಲಿನ ಮಾಡು, ಸಿಮೆಂಟು, ನೆಲಕ್ಕೆ ಹಾಸುವ ಇಂಟರ್‌ಲಾಕ್ ಎಲ್ಲ ಲೆಕ್ಕಕ್ಕೆ. ಬರೀ ಮಣ್ಣು, ಹೊಯ್ಗೆ ಇದ್ದರೆ ಲೆಕ್ಕಕ್ಕಿಲ್ಲ; ನೋಟೀಸಿನಲ್ಲಿ ಹೊಯ್ಗೆಗೆ ಮರಳು ಎಂದಿದೆ. ಆ ದುಡ್ಡಿನಲ್ಲಿ ಮಳೆನೀರು ಹರಿದುಹೋಗುವ ತೋಡು ಆಳ ಮಾಡುತ್ತಾರಂತೆ, ರಸ್ತೆಯಡಿಯ ಮೋರಿ ದೊಡ್ಡದು ಮಾಡುತ್ತಾರಂತೆ. ರೋಹನ್ ಎಂಬ ಹುಡುಗ ಮನೆಮನೆಗೆ ಬಂದು ವಿವರಿಸಿದ. ಒಳ್ಳೆಯ ಮಾತಿನವನು. ಬಿಲ್ಲು ಖಾಯಂ ಆಗುವ ಮೊದಲು ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಹೋದ.

ಕೇರಿಯಲ್ಲಿ ಎಲ್ಲರಿಗಿಂತ ದೊಡ್ಡ ಸಿಮೆಂಟಿನ ಅಂಗಳ ನಮ್ಮದೇ. ಮೀನು ಒಣಗಿಸುವುದು ಅದರಲ್ಲೇ. ಶಂಕರನಾರಾಯಣದ ಅಂಗಡಿಯವರು ನಮ್ಮ ಒಣಮೀನನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುವುದು ಹಲ್ಲಿಗೆ ಹೊಯ್ಗೆ ಸಿಗುವುದಿಲ್ಲ ಎಂದು. ಶುಲ್ಕ ಕಟ್ಟಿದರೆ ನನ್ನ ಕೈಗೆ ಉಳಿಯುವುದು ಉಪ್ಪಿನ ಸಾಲ ಮಾತ್ರ. ಈ ಅಂಗಳ ಬಿಟ್ಟು ನನಗೆ ಬೇರೆ ಕೆಲಸ ಗೊತ್ತಿಲ್ಲ.

ಆಕ್ಷೇಪಣೆ ಕೊಡಬಹುದಂತೆ. ಖಾತೆದಾರರೇ ಸಹಿ ಹಾಕಬೇಕಂತೆ. ಕಾಗದ ಒಳಗಿಟ್ಟಿದ್ದೇನೆ.

ಕೆಳಗಿನ ಮನೆಯಲ್ಲಿ ಚಿಕ್ಕಿ ಗಟ್ಟಿಯಾಗಿದ್ದಾಳೆ, ಅಮ್ಮನ ತಂಗಿಯಲ್ಲವೇ. ಜನವರಿಯಲ್ಲಿ ಒಂದು ದಿನ ನಮ್ಮ ಕೇರಿಯ ಮೇಲೆ ಡ್ರೋನ್ ಹಾರಿತು, ಮದುವೆಮನೆಯಲ್ಲಿ ಫೋಟೋ ತೆಗೆಯಲು ಬಿಡುತ್ತಾರಲ್ಲ, ಅದು. ಯಾರದ್ದೋ ದಿಬ್ಬಣ ಬಂತು ಎಂದುಕೊಂಡು ಅವಳು ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಳು. ದಿಬ್ಬಣ ಬರಲಿಲ್ಲ. ಸಂಜೆಯ ತನಕ ಬೈದಳು.

ಅತ್ತಿಗೆಗೆ ಕೇಳಿದೆ ಎಂದು ಹೇಳು.

ನಿನ್ನ ತಂಗಿ
ಸರಸ

*

ಕಿರಿಮಂಜೇಶ್ವರ
21 ಮಾರ್ಚ್ 2025

ಸರಸಾ,

ಕಾಗದ ಸಿಕ್ಕಿತು. ಬರೆದದ್ದು ಒಳ್ಳೆಯದಾಯಿತು. ಫೋನಾಗಿದ್ದರೆ ನಾನು ಕಟ್ ಮಾಡುತ್ತಿದ್ದೆ.

ಆಕ್ಷೇಪಣೆಗೆ ಸಹಿ ಹಾಕುವುದಿಲ್ಲ. ಕಾಗದ ವಾಪಸು ಕಳಿಸಿದ್ದೇನೆ. ಯಾರೋ ಒಬ್ಬರು ಕೊನೆಗೂ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಾರೆ. ಅದಕ್ಕೆ ನಾನು ಆಕ್ಷೇಪಣೆ ಮಾಡಲೇ?

ಅಮ್ಮ ಇರುವಾಗ ಆ ಅಂಗಳ ಬರೀ ಹೊಯ್ಗೆ. ಎಷ್ಟು ಸುರಿದರೂ ಅಲ್ಲೇ ಇಂಗಿಹೋಗುತ್ತಿತ್ತು. ನಾನು ದೋಣಿಯಿಂದ ಬರುವಷ್ಟರಲ್ಲಿ ನಿನ್ನ ಗಂಡ, ನಮ್ಮ ಭಾವ, ಸಿಮೆಂಟು ಹಾಕಿಸಿ ಮುಗಿಸಿದ್ದರು. ಆ ವರ್ಷ ಮೊದಲ ಮಳೆಗೇ ಚಿಕ್ಕಿಯ ಒಲೆಯಲ್ಲಿ ನೀರು ನಿಂತಿತು. ಅವಳ ಮನೆ ತಗ್ಗಿನಲ್ಲಿದೆ, ತೋಡಿಗೆ ತಾಗಿ ಇದೆ ಎಂದು ಗೊತ್ತಿದ್ದೂ ಅಂಗಳದ ಇಳಿಜಾರು ಅತ್ತ ಕೊಟ್ಟದ್ದು. ಊಟಕ್ಕೆ ಕೂತಾಗ ಕೇಳಿದೆ. ಭಾವ ಏನು ಹೇಳಿದರು ಎಂದು ನಿನಗೆ ನೆನಪಿರಬೇಕು.

"ನೀರ್ ನನ್ ಹತ್ರ ಕೇಂಡ್ಕಂಡ್ ಹೋತ್ತಾ?"

ನೀರು ತನ್ನನ್ನು ಕೇಳಿಕೊಂಡು ಹೋಗುತ್ತದಾ ಎಂದು ಕೇರಿಗೆಲ್ಲ ಕೇಳುವ ಹಾಗೆ ಹೇಳಿದರು. ನಾನು ಎದ್ದೆ. ನೀನು ನನ್ನ ಊಟದ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ. ಆವತ್ತು ಬಿಟ್ಟ ಮನೆಗೆ ನಾನು ತಿರುಗಿ ಬಂದಿಲ್ಲ. ಅಷ್ಟೆ.

ಅಂಗಳದ ಕೆಳಗಿನ ಅರ್ಧ ಒಡೆಯಿರಿ. ಶುಲ್ಕವೂ ಇಳಿಯುತ್ತದೆ, ಚಿಕ್ಕಿಯೂ ಬದುಕುತ್ತಾಳೆ. ಅದಕ್ಕೆ ಬೇಕಾದರೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ.

ನನ್ನ ಭುಜದ ನೋವು ಹಾಗೇ ಇದೆ. ದೋಣಿಗೆ ಹೋಗುವುದು ಬಿಟ್ಟಿದ್ದೇನೆ. ಮನೆಯಲ್ಲೇ ಕೂತು ಬಲೆ ಕಟ್ಟುತ್ತೇನೆ.

ಗುರುವ

*

ಹೊಳೆತಡಿ ಕೇರಿ
12 ಏಪ್ರಿಲ್ 2025

ಅಣ್ಣಾ,

ನೀನು ಬರೆದದ್ದನ್ನು ಇವರಿಗೆ ಓದಿ ಹೇಳಲಿಲ್ಲ. ಕೆಳಗಿನ ಅರ್ಧ ಒಡೆಯುವ ಎಂದು ನನ್ನದೇ ಮಾತೆಂಬಂತೆ ಹೇಳಿ ನೋಡಿದೆ. ಅನ್ನ ಬಡಿಸುವಾಗ ಹೇಳಿದೆ. ಇವರು ತಲೆ ಎತ್ತಲಿಲ್ಲ. "ನಿನ್ ಅಣ್ಣ ಟೆಂಪೋದಾಗ್ ಬಂದ್ ಹೋಪುಕೆ ಶುರು ಮಾಡಿದ್ನಾ?" ಎಂದರು. ಲೀಲಾಧರನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಭಜನಾ ಮಂದಿರದಲ್ಲಿ ಶುಲ್ಕದ ವಿಷಯಕ್ಕೆ ಕೇರಿಯವರೆಲ್ಲ ಸೇರಿದ್ದರು. ಹೆಂಗಸರು ನಾವು ಹೊರಗಿನ ಕಟ್ಟೆಯಲ್ಲಿ. ರಸ್ತೆ ಬದಿಯ ಮದುವೆ ಹಾಲಿನವರಿಗೆ ಎಲ್ಲರಿಗಿಂತ ಹೆಚ್ಚು ಬಂದಿದೆಯಂತೆ, ಅವರ ವಾಹನ ನಿಲ್ಲಿಸುವ ಜಾಗವೆಲ್ಲ ಇಂಟರ್‌ಲಾಕ್. ಕೆಲವರು ಅದು ಸರಿ ಎಂದರು. ದೊಡ್ಡವರು ಕಟ್ಟಲಿ, ನಮಗೆ ಯಾಕೆ ಎಂದು ಕೆಲವರು. ಬಾಡಿಗೆಗೆ ಇರುವವರು ನಮ್ಮ ಮೇಲೆ ಹಾಕಬೇಡಿ ಎಂದು ಗಲಾಟೆ ಮಾಡಿದರು. ಲೀಲಾಧರ ಎದ್ದು ನಿಂತು ಇವರ ಬೋಳುತಲೆ ನೋಡಿದ.

"ಹ್ವಾಯ್, ನೀರ್ ಇಳಿಯದ್ ಜಾಗಕ್ಕೆಲ್ಲ ದುಡ್ಡ್ ಅಂದ್ರೆ ಜಿತೇಂದ್ರಣ್ಣನ್ ಬೋಳ್ ಮಂಡಿಗೂ ಕಟ್ಕ್ ಅಲ್ದಾ?"

ನಗೆ ನಿಲ್ಲಲು ಹೊತ್ತಾಯಿತು. ಇವರೂ ಬಿಡಲಿಲ್ಲ.

"ನಿನ್ ಮಂಡಿಯೊಳ್ಗೆ ಬರೀ ಹೊಯ್ಗಿ. ನಿಂಗೆ ರಿಯಾಯ್ತಿ ಸಿಕ್ಕುತ್ತ್ ಬಿಡ್!"

ಹಾಗೆ ಹೇಳಿದವರಿಗೆ ತಮ್ಮ ಮಾತಿನಲ್ಲೇ ಉಪಾಯ ಹೊಳೆಯಿತು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅಂಗಳಗಳನ್ನೇ ನೋಡುತ್ತ ಬಂದರು. ಮರುದಿನ ಬೆಳಿಗ್ಗೆ ದಂಡೆಯಿಂದ ಹೊಯ್ಗೆ ತಂದು ಅಂಗಳಕ್ಕೆ ಹಾಕಲು ಶುರು ಮಾಡಿದರು. ರೋಹನ್ ಇನ್ನೊಮ್ಮೆ ನೋಡಲು ಬರುತ್ತಾನಲ್ಲ. ಅವನು ಬಂದಾಗ ಸಿಮೆಂಟು ಕಾಣಬಾರದು. ಅವನು ಹೋದ ಮೇಲೆ ಗುಡಿಸಿ ತೆಗೆದರೆ ಆಯಿತು ಎಂದು ಇವರ ಲೆಕ್ಕ. ನೋಡಿದವರೆಲ್ಲ ಅದನ್ನೇ ಮಾಡಿದರು. ಈಗ ಕೇರಿಯ ಎಲ್ಲ ಅಂಗಳಗಳಲ್ಲೂ ಮೊಣಕಾಲಿನ ಅರ್ಧದಷ್ಟು ಎತ್ತರಕ್ಕೆ ಹೊಯ್ಗೆ. ನಾನೂ ಹೊತ್ತೆ. ಮದುವೆಯಾದ ಮೇಲೆ ಇಷ್ಟು ಜನ ಒಟ್ಟಿಗೆ ನಗುತ್ತ ಕೆಲಸ ಮಾಡಿದ್ದು ನಾನು ನೋಡಿಲ್ಲ.

ನಿಜ ಹೇಳಬೇಕೆಂದರೆ, ಮೊದಲ ದಿನ ಸಂಜೆ ಆ ಅಂಗಳ ನೋಡಿ ನನಗೆ ಅಮ್ಮನೇ ಬಂದು ನಿಂತ ಹಾಗಾಯಿತು. ಮೇಲೆ ತೆಂಗಿನ ಮಡಲಿನ ಚಾಪೆ ಹಾಸಿ ಚಟ್ಲಿ ಸಿಗಡಿ ಹರಡಿದೆ. ಆಮೇಲೆ ಕಾಲಿನಿಂದ ಹೊಯ್ಗೆ ಸರಿಸಿ ನೋಡಿದೆ. ಅಡಿಯಲ್ಲಿ ಸಿಮೆಂಟು ಬಿಸಿಯಾಗಿತ್ತು.

ಚಿಕ್ಕಿಗೆ ಬಂದ ಶುಲ್ಕ ಒಂದು ಚಾ ಕುಡಿಯುವಷ್ಟು. ಅವಳ ಮಾಡು ಎಷ್ಟಿದೆ ಹೇಳು. ಅದಕ್ಕೂ ಅವಳು ಒಪ್ಪುವುದಿಲ್ಲ. ರೋಹನನಿಗೆ ಮುಖಕ್ಕೇ ಹೇಳಿದಳಂತೆ:

"ದುಡ್ಡ್ ನಂಗೆ ಕೊಡ್ಕ್ ನೀವ್. ಊರ್ ನೀರೆಲ್ಲ ಇಟ್ಕಂಬ್ದ್ ನನ್ ಮನಿಯಾಗಲ್ದಾ?"

ಸರಸ

*

ಕಿರಿಮಂಜೇಶ್ವರ
20 ಏಪ್ರಿಲ್ 2025

ಸರಸಾ,

ಆ ಹೊಯ್ಗೆ ತೆಗೆಯಿರಿ. ಅವನು ಬಂದು ಹೋಗುವ ತನಕ ಕಾಯಬೇಡಿ.

ಸಿಮೆಂಟಿನ ಮೇಲೆ ಹಾಕಿದ ಹೊಯ್ಗೆ ನೆಲವಲ್ಲ. ಅದಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ. ಒಂದು ದೊಡ್ಡ ಮಳೆ ಸಾಕು, ಇಡೀ ಕೇರಿಯ ಹೊಯ್ಗೆ ತೋಡಿಗೆ ಇಳಿಯುತ್ತದೆ. ಮೋರಿಯ ಬಾಯಿ ಎಷ್ಟಿದೆ ನಿನಗೆ ಗೊತ್ತು. ಚಿಕ್ಕವರಿದ್ದಾಗ ಅದರಲ್ಲಿ ತೆಂಗಿನಕಾಯಿ ಸಿಕ್ಕಿಹಾಕಿಕೊಂಡು ನೀರು ರಸ್ತೆಗೆ ಬಂದದ್ದು ನೆನಪು ಮಾಡು.

ನನ್ನ ಮಾತು ಎಂದು ಹೇಳಬೇಡ. ನಿನ್ನ ಮಾತು ಎಂದೂ ಹೇಳಬೇಡ. ಚಿಕ್ಕಿ ಹೇಳಿದಳು ಎನ್ನು. ಹೇಗಾದರೂ ತೆಗೆಸು.

ಅಮ್ಮನ ಅಂಗಳದ ಬಗ್ಗೆ ನೀನು ಬರೆದದ್ದನ್ನು ನಿನ್ನ ಅತ್ತಿಗೆ ದಿವ್ಯಾಳಿಗೆ ಓದಿ ಹೇಳಿದೆ. ಪೂರ್ತಿ ಓದಲು ಆಗಲಿಲ್ಲ.

ಗುರುವ

*

ಹೊಳೆತಡಿ ಕೇರಿ
16 ಮೇ 2025

ಅಣ್ಣಾ,

ಹೇಳಿದೆ. ಚಿಕ್ಕಿಯ ಹೆಸರಿನಲ್ಲಿ ಅಲ್ಲ, ನನ್ನ ಬಾಯಲ್ಲೇ ಹೇಳಿದೆ. ಮಳೆ ಬಂದರೆ ಎಲ್ಲ ಚಿಕ್ಕಿಯ ಮನೆಗೆ ಹೋಗುತ್ತದೆ ಎಂದೆ. ಇವರು ಈ ಸಲ ಸಿಟ್ಟು ಮಾಡಲಿಲ್ಲ. "ಗೊತ್ತಿತ್ತ್ ಮಾರಾಯ್ತಿ. ಆ ಹುಡ್ಗ ಒಂದ್ಸಲ ಬಂದ್ ಹೋಗ್ಲಿ. ಆವತ್ತೇ ತೆಗೀತೆ" ಎಂದರು.

ಆ ಹುಡುಗ ಬರುತ್ತಲೇ ಇಲ್ಲ. ಪುರಸಭೆಯವರು ಬರುವ ಸೋಮವಾರ ಎಂದರು. ಸೋಮವಾರ ಆಯಿತು. ಆಮೇಲೆ ಅವನಿಗೆ ಬ್ರಹ್ಮಾವರದ ಕಡೆ ಏನೋ ಕೆಲಸ ಬಿತ್ತು ಎಂದರು. ಇವರು ಫೋನ್ ಮಾಡಿದರೆ ಬರುತ್ತೇನೆ ಬರುತ್ತೇನೆ ಎನ್ನುತ್ತಾನಂತೆ. ಒಂದು ಮನೆಯವರು ತೆಗೆದರೆ ಉಳಿದವರು ಸಿಕ್ಕಿಬೀಳುತ್ತಾರೆ ಎಂದು ಯಾರೂ ತೆಗೆಯುವುದಿಲ್ಲ. ಮಂದಿರದಲ್ಲಿ ಹಾಗೇ ಮಾತಾಗಿದೆ. ಎಲ್ಲರೂ ಒಟ್ಟಿಗೆ ಹಾಕಿದ್ದು, ಒಟ್ಟಿಗೆ ತೆಗೆಯುವುದು.

ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಮೀನು ತಿರುವಿ ಹಾಕುವಾಗ ಪಡುವಣ ನೋಡುತ್ತೇನೆ. ಸೆಕೆ ಹೇಗಿದೆ ಎಂದರೆ ಉಪ್ಪು ಡಬ್ಬಿಯಲ್ಲೇ ನೀರಾಗುತ್ತಿದೆ. ನಿನ್ನೆ ಸಂಜೆ ತ್ರಾಸಿಯ ಕಡೆ ಕಪ್ಪಾಯಿತು. ಓಡಿಹೋಗಿ ಒಂದು ಬುಟ್ಟಿ ಹೊಯ್ಗೆ ತುಂಬಿ ದಂಡೆಗೆ ಹಾಕಿ ಬಂದೆ. ಒಂದು ಬುಟ್ಟಿ! ಬರುವಾಗ ನೋಡುತ್ತೇನೆ, ಇವರು ಬಾಗಿಲಲ್ಲಿ ನಿಂತಿದ್ದಾರೆ. ಅವರೂ ಪಡುವಣವನ್ನೇ ನೋಡುತ್ತಿದ್ದರು. ಆ ಮೋಡ ಬಂದ ಹಾಗೆ ಹೋಯಿತು.

ಇದು ಲೀಲಾಧರನ ಕೈಗೆ ಕೊಡುವ ಕೊನೆಯ ಕಾಗದ ಇರಬಹುದು. ಜೂನಿನಿಂದ ಮಳೆಗಾಲದ ಮೀನುಗಾರಿಕೆ ನಿಷೇಧ, ದೋಣಿ ಬಂದ್, ಅವನ ಟೆಂಪೋ ಮನೆಯಲ್ಲೇ. ಇನ್ನು ಅಂಚೆಗೆ ಹಾಕುತ್ತೇನೆ.

ಚಿಕ್ಕಿ ನಿನ್ನನ್ನು ಕೇಳಿದಳು. ಬಲೆ ಕಟ್ಟುತ್ತಿದ್ದಾನೆ ಎಂದೆ. "ಅವ್ನ್ ಗಂಟ್ ಹಾಕುಕೆ ಕಲ್ತದ್ ನನ್ ಹತ್ರ. ಬಿಡ್ಸುಕೆ ಯಾರೂ ಕಲ್ಸ್ಲಿಲ್ಲೆ" ಎಂದಳು.

ಸರಸ

*

ಹೊಳೆತಡಿ ಕೇರಿ
27 ಮೇ 2025

ಅಣ್ಣಾ,

ರೋಹಿಣಿ ನಕ್ಷತ್ರ ಕಾಲಿಡುವಷ್ಟರಲ್ಲೇ ದೊಡ್ಡ ಮಳೆ ಬಂತು. ಪತ್ರಿಕೆಯಲ್ಲಿ ನೋಡಿರುತ್ತೀ. ಹೆದ್ದಾರಿಯ ಮೇಲೆ ನೀರು ಎಂದು ಬರೆದಿದ್ದಾರೆ. ಚಿಕ್ಕಿಯ ಮನೆಯ ಬಗ್ಗೆ ಬರೆದಿಲ್ಲ.

ಭಾನುವಾರ ಬೆಳಿಗ್ಗೆ ನಾವು ಚಾ ಕುಡಿಯುತ್ತಿದ್ದೆವು. ಮೊದಲು ಹೊಯ್ಗೆಯ ಮೇಲೆ ಸಣ್ಣ ಗೀಟು ಬಿತ್ತು, ಹಾವು ಹೋದ ಹಾಗೆ. ಆಮೇಲೆ ಅಂಗಳವೇ ಹೊರಟಿತು. ನಾನೂ ಇವರೂ ಹಲಗೆ ಅಡ್ಡ ಇಟ್ಟೆವು, ಚೀಲ ಇಟ್ಟೆವು. ಎಲ್ಲ ಅಂಗಳಗಳಿಂದ ಒಟ್ಟಿಗೆ ಇಳಿಯಿತು. ಒಟ್ಟಿಗೆ ಹಾಕಿದ್ದಲ್ಲವೇ? ಮೋರಿಯ ಬಾಯಿ ಕಟ್ಟಿತು. ತೋಡು ಹಿಂದಕ್ಕೆ ತಿರುಗಿತು.

ನಾವು ಹೋಗುವಷ್ಟರಲ್ಲಿ ಚಿಕ್ಕಿ ಮಂಚದ ಮೇಲೆ ನಿಂತಿದ್ದಳು. ನಮಗೆ ಸೊಂಟದವರೆಗೆ ನೀರು. ಮಳೆಗಾಲಕ್ಕೆ ಎಂದು ಕಟ್ಟಿಟ್ಟ ಅಕ್ಕಿ, ಒಣಮೀನು, ಸೌದೆ ಎಲ್ಲ ತೇಲುತ್ತಿತ್ತು. ಒಲೆ ಹೊಯ್ಗೆಯಲ್ಲಿ ಮುಚ್ಚಿಹೋಗಿತ್ತು. ಇವರು ಅವಳನ್ನು ಎತ್ತಿಕೊಳ್ಳಲು ಹೋದರು. ಅವಳು ಕೈ ತಳ್ಳಿದಳು. ಲೀಲಾಧರ ಬಂದು ಕರೆದ ಮೇಲೆ ಅವನ ಭುಜ ಹಿಡಿದು ಇಳಿದಳು. ನಮ್ಮ ಮನೆಗೆ ಬಾ ಎಂದೆ. ನನ್ನ ಮುಖ ನೋಡಿದಳು. ಬೈಯಲಿಲ್ಲ ಅಣ್ಣಾ. ಚಿಕ್ಕಿ ಬೈಯಲಿಲ್ಲ.

ರಾತ್ರಿ ಲೀಲಾಧರನ ಮನೆಯಲ್ಲಿದ್ದು ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಹೋದಳಂತೆ. ಎಲ್ಲಿಗೆ ಎಂದು ಯಾರಿಗೂ ಹೇಳಿಲ್ಲ. ಅವಳ ಹತ್ತಿರ ಫೋನಿಲ್ಲ. ಶಂಕರನಾರಾಯಣದಲ್ಲಿ ಅವಳ ನಾದಿನಿಯ ಮನೆಗೆ ಫೋನ್ ಮಾಡಿಸಿದೆವು, ಅಲ್ಲಿಲ್ಲ. ನಿನ್ನ ನಂಬರಿಗೆ ನಾನು ಈ ಸಲ ಒತ್ತಿದೆ. ಸ್ವಿಚ್ ಆಫ್ ಬಂತು. ಅವಳು ಅಲ್ಲಿದ್ದಾಳೆ ಎಂದು ಒಂದು ಗೆರೆ ಬರೆ. ಅಲ್ಲಿಲ್ಲ ಎಂದಾದರೂ ಬರೆ.

ಪುರಸಭೆಯವರು ಯಂತ್ರ ತಂದು ಮೋರಿ ಬಿಡಿಸಿದರು. ಇವರು ಅವರ ಜೊತೆ ತೋಡಿಗೆ ಇಳಿದವರು ಕತ್ತಲಾಗುವ ತನಕ ಮೇಲೆ ಬರಲಿಲ್ಲ. ಊಟಕ್ಕೆ ಕರೆದರೆ ಕೇಳಿಸಲಿಲ್ಲ ಎಂಬಂತೆ ಹೊಯ್ಗೆ ಎತ್ತುತ್ತಿದ್ದರು.

ಇವತ್ತು ರೋಹನ್ ಬಂದ. ಇವತ್ತು! ಅಂಗಳ ತೊಳೆದಿಟ್ಟ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಒಂದು ಹಿಡಿ ಹೊಯ್ಗೆ ಉಳಿದಿರಲಿಲ್ಲ. ಇವರು ಅವನ ಎದುರು ನಿಂತು, "ಅಳತಿ ಮಾಡ್ಕಣಿ. ಎಲ್ಲ ಸಿಮೆಂಟೇ" ಎಂದರು. ಅವನು ಟೇಪು ತೆಗೆಯಲೇ ಇಲ್ಲ.

"ಅಳತಿ ಜನವರಿಯಾಗೇ ಆಯ್ತ್ ಅಲ್ದಾ? ಡ್ರೋನ್ ಬಿಟ್ಟಿದ್ರಲೆ. ನಾನ್ ಬಂದದ್ ಬರೀ ನೋಟೀಸ್ ಮುಟ್ಟಿದ್ದಕ್ಕೆ ಸಹಿ ತಕಂಬುಕೆ."

ಮೊಬೈಲಿನಲ್ಲಿ ಫೋಟೋ ತೋರಿಸಿದ. ಮೇಲಿಂದ ನಮ್ಮ ಕೇರಿ. ನಡುವೆ ನಮ್ಮ ಅಂಗಳ ಬಿಳೀ ಹಲಗೆಯ ಹಾಗೆ. ಅದರ ಕೆಳಗಿನ ತುದಿ ಎಲ್ಲಿಗೆ ಮುಖ ಮಾಡಿದೆ ಎಂದು ಅಲ್ಲಿಂದ ನೋಡಿದರೆ ಮಗುವಿಗೂ ಗೊತ್ತಾಗುತ್ತದೆ. ಆ ಕಡೆ ಒಂದು ಸಣ್ಣ ಮಾಡು. ಬಾಗಿಲಲ್ಲಿ ಒಂದು ಕೆಂಪು ಚುಕ್ಕೆ. ರೋಹನ್ ಬೆರಳಿನಿಂದ ದೊಡ್ಡದು ಮಾಡಿದ. ಚಿಕ್ಕಿ, ಅಣ್ಣಾ. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಮುಖ ಮೇಲೆ ಮಾಡಿ ನಿಂತಿದ್ದಾಳೆ.

ಇವರು ಮೊಬೈಲು ಕೈಗೆ ತೆಗೆದುಕೊಂಡರು. ಬಹಳ ಹೊತ್ತು ವಾಪಸು ಕೊಡಲಿಲ್ಲ.

ಸರಸ

*

ಕಿರಿಮಂಜೇಶ್ವರ
6 ಜೂನ್ 2025

ಸರಸಾ,

ಚಿಕ್ಕಿ ಇಲ್ಲಿದ್ದಾಳೆ. ಒದ್ದೆ ಸೀರೆಯ ಗಂಟು ಒಂದನ್ನೇ ಹಿಡಿದುಕೊಂಡು ಬಸ್ಸಿಂದ ಇಳಿದಳು. ಎರಡು ದಿನ ಜ್ವರ ಇತ್ತು. ಈಗ ಎದ್ದು ಕೂತು ದಿವ್ಯಾಳ ಸಾರಿಗೆ ಹುಳಿ ಸಾಲದು, ಇಲ್ಲಿನ ಬಂಗಡೆಗೆ ರುಚಿ ಇಲ್ಲ ಎನ್ನುತ್ತಾಳೆ. ಹಾಗಾಗಿ ಹೆದರಬೇಡ. ನಮ್ಮಲ್ಲಿ ಕರೆಂಟು ಇರಲಿಲ್ಲ, ಅದಕ್ಕೆ ಫೋನ್ ಆಫ್. ನೀನು ಮಾಡಿದ್ದು ಎಂದು ಆಮೇಲೆ ನೋಡಿದೆ. ತಿರುಗಿ ಮಾಡಲು ನನಗೂ ಆಗಲಿಲ್ಲ.

ನೀನು ಬರೆದದ್ದನ್ನೆಲ್ಲ ಅವಳಿಗೆ ಓದಿದೆ. ಭಾವ ತೋಡಿಗೆ ಇಳಿದದ್ದು ಕೇಳುವಾಗ ಆ ಕಡೆ ತಿರುಗಿ ಕೂತಳು. ಫೋಟೋದ ವಿಷಯಕ್ಕೆ ಮಾತ್ರ, "ಸೆರಗ್ ಸಮ ಇತ್ತಾ ಕೇಣ್" ಎಂದಳು.

ವಾಪಸು ಯಾವಾಗ ಎಂದು ಕೇಳಿದೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ, ಬರೆಯದಿದ್ದರೆ ಬಿಡುವುದಿಲ್ಲ:

"ಅವ್ಳ ಅಂಗ್ಳ ಮಳಿ ಕುಡೂಕೆ ಕಲ್ತ ಮೇಲೆ ಬತ್ತೆ ಅಂದೇಳಿ ಬರಿ. ಅಲ್ಲಿವರಿಗೆ ಆ ಕೇರಿ ಮಣ್ಣ್ ಮೆಟ್ಟುದಿಲ್ಲೆ."

ರೋಹನನಿಗೆ ಕೇಳು. ಸಿಮೆಂಟು ಒಡೆದು ಮಣ್ಣು ಬಿಟ್ಟರೆ ಶುಲ್ಕದಲ್ಲಿ ರಿಯಾಯಿತಿ ಇದೆ ಎಂದು ಇಲ್ಲಿ ಒಬ್ಬರು ಹೇಳಿದರು. ಅರ್ಜಿಗೆ ನನ್ನ ಸಹಿ ಬೇಕು. ಖಾಲಿ ಕಾಗದದ ಕೆಳಗೆ ಸಹಿ ಹಾಕಿ ಕಳಿಸಿದ್ದೇನೆ. ಮೇಲೆ ಏನು ಬರೆಯಬೇಕೋ ಬರೆದುಕೊಳ್ಳಿ.

ಮೀನು ಎಲ್ಲಿ ಒಣಗಿಸುವುದು ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಸೊಂಟದ ಎತ್ತರಕ್ಕೆ ಗೂಟ ನೆಟ್ಟು, ಮೇಲೆ ಬಲೆ ಬಿಗಿದು ಅದರ ಮೇಲೆ ಹರಡು. ಅಡಿಯಿಂದಲೂ ಗಾಳಿ ಆಡುತ್ತದೆ, ಹೊಯ್ಗೆ ಹತ್ತುವುದಿಲ್ಲ. ಬಲೆ ನಾನು ಕಟ್ಟುತ್ತಿದ್ದೇನೆ, ಕಣ್ಣು ಸಣ್ಣದು ಮಾಡಿ, ಚಟ್ಲಿ ಜಾರದ ಹಾಗೆ. ಭುಜ ನೋಯುತ್ತದೆ. ಚಿಕ್ಕಿ ಎದುರು ಕೂತು ಅರ್ಧ ಕಟ್ಟುತ್ತಾಳೆ, ನನ್ನ ಗಂಟುಗಳಿಗೆ ಹೆಸರಿಡುತ್ತಾಳೆ.

ಇನ್ನೊಂದು. ಬೇಕಾದರೆ ಮನೆಯ ಖಾತೆಯನ್ನು ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ. ಆಮೇಲೆ ಇಂಥದ್ದಕ್ಕೆಲ್ಲ ನನ್ನ ಸಹಿಗೆ ಕಾಯಬೇಕಾಗಿಲ್ಲ. ಯೋಚಿಸಿ ಬರೆ.

ಗುರುವ

*

ಹೊಳೆತಡಿ ಕೇರಿ
30 ಜೂನ್ 2025

ಅಣ್ಣಾ,

ಅರ್ಜಿ ಕೊಟ್ಟಾಯಿತು. ಆದರೆ ಇವರ ಮನಸ್ಸು ದಿನಕ್ಕೊಂದು ಕಡೆ. ಮೋರಿ ದೊಡ್ಡದು ಮಾಡಿದರೆ ಸಾಕು, ಅಂಗಳ ಯಾಕೆ ಒಡೆಯುವುದು ಎಂದು ಒಂದು ದಿನ. ಒಡೆಯುವ, ಮಳೆ ಬಿಡಲಿ ಎಂದು ಇನ್ನೊಂದು ದಿನ. ಪಿಕಾಸಿ ತಂದು ಗೋಡೆಗೆ ಒರಗಿಸಿದ್ದಾರೆ. ಅದರ ಹಿಡಿಗೆ ಬೂಷ್ಟು ಬಂತು.

ಸಾಲ ಮಾಡಿ ಹಾಕಿಸಿದ ಅಂಗಳ, ನನಗೂ ಗೊತ್ತಿದೆ. ಕಲಸಿದ್ದು, ಮಟ್ಟ ಹಿಡಿದದ್ದು ಎಲ್ಲ ಇವರೇ. ಒಣಗುವ ಮೊದಲು ಮೂಲೆಯಲ್ಲಿ ತೆಂಗಿನ ಕಡ್ಡಿಯಿಂದ ನನ್ನ ಹೆಸರು ಬರೆದಿದ್ದರು. ನಿನಗೆ ಅದು ಗೊತ್ತಿರಲಿಕ್ಕಿಲ್ಲ. ಆ ಹೆಸರು ಇರುವುದು ಕೆಳಗಿನ ಅರ್ಧದಲ್ಲಿ.

ನಿನ್ನೆ ಮಳೆ ಸ್ವಲ್ಪ ಬಿಟ್ಟಿತ್ತು. ಚಿಕ್ಕಿಯ ಮನೆಯ ಬಾಗಿಲು ತೆರೆದು ಹೊಯ್ಗೆ ಗುಡಿಸಲು ಹೋದೆ. ಗೋಡೆಯಲ್ಲಿ ನೀರು ನಿಂತ ಗೆರೆ ಹಾಗೇ ಇದೆ. ವಾಪಸು ಬಂದವಳು ಕೈ ತೊಳೆಯಲಿಲ್ಲ. ಪಿಕಾಸಿ ಎತ್ತಿಕೊಂಡು ಮೂಲೆಗೆ ಹೋದೆ. ಮೊದಲನೇ ಪೆಟ್ಟಿಗೆ ಕಿಡಿ ಹಾರಿತು, ಸಿಮೆಂಟಿಗೆ ಏನೂ ಆಗಲಿಲ್ಲ. ಆಮೇಲೆ ನನ್ನ ಹೆಸರು ಎರಡಾಯಿತು.

ಇವರು ಓಡಿ ಬಂದರು. ಬೈಯುತ್ತಾರೆ ಎಂದುಕೊಂಡೆ.

"ಹಂಗೆ ಹೊಡ್ದ್ರೆ ಕೈ ಮುರ್ಕಂತೆ ನೀನ್. ಕೊಡ್ ಇತ್ಲಾಗೆ."

ಅಷ್ಟೇ ಹೇಳಿದ್ದು. ಇವತ್ತಿನವರೆಗೆ ಮೂರು ಮಾರು ಒಡೆದಿದ್ದಾರೆ. ಅಡಿಯ ಮಣ್ಣು ಬೂದಿಯ ಹಾಗೆ ಒಣಗಿತ್ತು, ಈ ಮಳೆಯಲ್ಲೂ. ಲೀಲಾಧರ ಬಂದು ನೋಡಿ ಹೋದವನು ತನ್ನ ಪಿಕಾಸಿ ತಂದ. ಉಳಿದ ಮನೆಯವರು ದೂರದಿಂದ ನೋಡುತ್ತಾರೆ. ಕೆಲವರಿಗೆ ನಗು.

ಖಾತೆಯ ವಿಷಯ ಆಮೇಲೆ ಬರೆಯುತ್ತೇನೆ. ನನಗೆ ಇನ್ನೂ ಯೋಚಿಸಿ ಆಗಲಿಲ್ಲ.

ಸರಸ

*

ಹೊಳೆತಡಿ ಕೇರಿ
24 ಆಗಸ್ಟ್ 2025

ಅಣ್ಣಾ,

ಚಿಕ್ಕಿ ಬಂದು ಮುಟ್ಟಿದಳು. ಲೀಲಾಧರನ ಟೆಂಪೋದಲ್ಲಿ ಮುಂದಿನ ಸೀಟಿನಲ್ಲಿ ಕೂತು, ಮಡಿಲಲ್ಲಿ ಬಲೆಯ ಕಟ್ಟು ಇಟ್ಟುಕೊಂಡು ದೊರೆಸಾನಿಯ ಹಾಗೆ ಬಂದಳು. "ದಾರಿಯುದ್ದಕ್ಕೂ ನಂಗೆ ಗಾಡಿ ಬಿಡುಕೆ ಕಲ್ಸ್ತಾ ಇದ್ರ್ ಮಾರಾಯ್ರೆ" ಎಂದು ಅವನು ಕೈಮುಗಿದ.

ಅಂಗಳದ ತುದಿಯಲ್ಲಿ ನಿಂತಳು. ಕೆಳಗಿನ ಅರ್ಧ ಈಗ ಮಣ್ಣು, ಹೊಯ್ಗೆ. ಗರಿಕೆ ಹುಟ್ಟಿದೆ. ಮೇಲಿನ ಅರ್ಧ ಸಿಮೆಂಟು ಹಾಗೇ ಇದೆ. ಇವರು ಅದನ್ನೂ ಒಡೆಯಬೇಕಾ ಎಂದು ಕೇಳಿದರು. ಅವಳು ಗರಿಕೆ ಮೆಟ್ಟಿಕೊಂಡು ತನ್ನ ಮನೆಗೆ ಇಳಿದು ಹೋದಳು. ಒಲೆ ಹೊಸತು ಹಾಕಿದ್ದು ಇವರೇ. ಅದರಲ್ಲೇ ಚಾಗೆ ನೀರಿಟ್ಟಳು.

ನಿನ್ನೆ ಮಧ್ಯಾಹ್ನ ದೊಡ್ಡ ಮಳೆ ಬಂತು. ಇವರು ಚಾ ಲೋಟ ಇಟ್ಟು ಎದ್ದರು. ನಾನೂ ಎದ್ದೆ. ಇಬ್ಬರೂ ಒಂದೇ ಕೊಡೆಯಲ್ಲಿ ಚಿಕ್ಕಿಯ ಮನೆಯ ಕಡೆ ಓಡಿದೆವು. ಅವಳು ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು, ನೀರಿಗೇ ಕಾದು ಕೂತವಳ ಹಾಗೆ. ನಮ್ಮ ಅಂಗಳ ಕುಡಿಯುವಷ್ಟು ಕುಡಿಯಿತು. ಎಲ್ಲ ಅಲ್ಲ ಅಣ್ಣಾ, ಸುಳ್ಳು ಹೇಳುವುದಿಲ್ಲ. ಉಳಿದವರ ಅಂಗಳಗಳೂ ಇವೆಯಲ್ಲ. ತೋಡು ತುಂಬಿತು. ನೀರು ಚಿಕ್ಕಿಯ ಅಂಗಳಕ್ಕೆ ಹತ್ತಿತು, ಮೆಟ್ಟಿಲು ಹತ್ತಿತು, ಹೊಸ್ತಿಲಿಗೆ ಬಂದು ತಾಗಿತು. ಇವರು ನನ್ನ ಕೈ ಗಟ್ಟಿ ಹಿಡಿದಿದ್ದರು. ಅಲ್ಲೇ ನಿಂತಿತು. ಒಳಗೆ ಹೋಗಲಿಲ್ಲ. ಬಹಳ ಹೊತ್ತು ಹಾಗೇ ನಿಂತು, ಆಮೇಲೆ ಇಳಿಯಿತು.

ಚಿಕ್ಕಿ ಆ ನೀರನ್ನು ನೋಡಿದಳು. ಮತ್ತೆ ಇವರ ಮುಖ ನೋಡಿದಳು.

"ಕಾಣ್ ಜಿತೇಂದ್ರ, ಈಗಳ್ ಕೇಂಡ್ಕಂಡ್ ಬಪ್ಪುಕೆ ಕಲ್ತಿತ್ತ್ ನೀರ್."

ಇವರು ನಗಲಿಲ್ಲ. ಕೊಡೆ ನನ್ನ ಕೈಗೆ ಕೊಟ್ಟು ಮಳೆಯಲ್ಲೇ ಮನೆಗೆ ಹೋದರು. ನಾನು ಬರುವಾಗ ಅಂಗಳದ ಮೇಲಿನ ಅರ್ಧದ ಅಂಚಿನಲ್ಲಿ ನಿಂತಿದ್ದರು. ಕಾಲಿನಿಂದ ಅಳೆಯುತ್ತಿದ್ದರು.

ನೀನು ಕಳಿಸಿದ ಬಲೆ ಗೂಟಕ್ಕೆ ಬಿಗಿದಾಯಿತು. ಯಾವ ಗಂಟು ನಿನ್ನದು, ಯಾವುದು ಚಿಕ್ಕಿಯದು ಎಂದು ನನಗೆ ಗೊತ್ತಾಗುತ್ತದೆ. ಮಳೆ ಪೂರ್ತಿ ಬಿಟ್ಟ ಮೇಲೆ ಮೊದಲ ಮೀನು ಹರಡುತ್ತೇನೆ. ಶಂಕರನಾರಾಯಣದ ಅಂಗಡಿಯವರು ಏನು ಹೇಳುತ್ತಾರೋ ನೋಡಬೇಕು. ಅದೊಂದು ಹೆದರಿಕೆ ಇದ್ದೇ ಇದೆ.

ಖಾತೆ ನಿನ್ನ ಹೆಸರಿನಲ್ಲೇ ಇರಲಿ. ಬಿಲ್ಲು ಪ್ರತಿ ವರ್ಷ ಮಾರ್ಚಿಗೆ ಬರುತ್ತದಂತೆ. ನಿನಗೆ ಬರೆಯಲು ನನಗೆ ಅಷ್ಟಾದರೂ ನೆಪ ಬೇಕು. ಆದರೆ ಮಾರ್ಚಿನವರೆಗೆ ಕಾಯಬೇಡ. ಚೌತಿಗೆ ಬಾ, ಅತ್ತಿಗೆಯನ್ನೂ ಕರೆದುಕೊಂಡು ಬಾ. ನಿನ್ನ ಬಟ್ಟಲಲ್ಲಿ ನಾನು ಯಾರಿಗೂ ಬಡಿಸಿಲ್ಲ.

ನೀರು ಕೇಳಿಕೊಂಡು ಬಂದರೆ ಸಾಕು. ನೀನು ಕೇಳಿಕೊಂಡು ಬರಬೇಕಾಗಿಲ್ಲ.

ಸರಸ